ಮಂಡ್ಯದ ನಾಲೆಯ ನೀರಿಗೆ ಏಲಕ್ಕಿ ಒಲಿಯುವುದೇ?

ಪ್ರಶ್ನೆ: ನಮ್ಮದು ಮಂಡ್ಯದ ಬಳಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಮೀನು; ತೆಂಗು, ಅಡಿಕೆಯ ನೆರಳೂ ಇದೆ. ಶುಂಠಿ ಬರುವ ನೆಲದಲ್ಲಿ ಅದೇ ಕುಟುಂಬದ ಏಲಕ್ಕಿ ಏಕೆ ಬರಬಾರದು?

ಉತ್ತರ: ಗಿಡ ಬದುಕಬಹುದು, ಆದರೆ ಫಸಲನ್ನು ನಂಬಿ ನೆಡಬೇಡಿ. ಏಲಕ್ಕಿ ಶುಂಠಿಯ ಕುಟುಂಬದ್ದೆಂಬುದು ನಿಜವಾದರೂ ಶುಂಠಿಯಲ್ಲಿ ನಮಗೆ ಬೇಕಾದುದು ನೆಲದೊಳಗಿನ ಗೆಡ್ಡೆ, ಏಲಕ್ಕಿಯಲ್ಲಿ ಬೇಕಾದುದು ಕಾಯಿ. ಗೆಡ್ಡೆ ಬಲಿಯುವುದಕ್ಕೂ ಹೂವು ಕಾಯಿಗಟ್ಟುವುದಕ್ಕೂ ಬೇಕಾದ ಹವೆ ಒಂದೇ ಅಲ್ಲ.

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ದೊಡ್ಡ ಮರಗಳ ಅಡಿನೆರಳೇ ಈ ಗಿಡದ ತವರು. ಸಾಮಾನ್ಯವಾಗಿ 600ರಿಂದ 1,200 ಮೀಟರ್ ಎತ್ತರದಲ್ಲಿ, ವರ್ಷಕ್ಕೆ 1,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವಲ್ಲಿ ಅದು ಚೆನ್ನಾಗಿ ಬರುತ್ತದೆ. ಸುಮಾರು 770 ಮೀಟರ್ ಎತ್ತರದ ಮೈಸೂರಾಗಲಿ, ಅದಕ್ಕಿಂತ ತುಸು ತಗ್ಗಿನ ಮಂಡ್ಯವಾಗಲಿ ಎತ್ತರದ ಲೆಕ್ಕದಲ್ಲಿ ಸೋಲುವುದಿಲ್ಲ; ಸೋಲುವುದು ಮಳೆಯಲ್ಲಿ, ಏಕೆಂದರೆ ನಮ್ಮಲ್ಲಿ ಅದರ ಅರ್ಧದಷ್ಟೇ ಬೀಳುತ್ತದೆ. ನಾಲೆಯ ನೀರು ಬೇರನ್ನು ತಣಿಸೀತು, ಗಾಳಿಯನ್ನು ತೇವವಾಗಿಸಲಾರದು. ಏಲಕ್ಕಿಯ ಹೂಗೊಂಚಲು ಎಲೆಗಳ ನಡುವಿನಿಂದಲ್ಲ, ಬುಡದಿಂದ ಹೊರಟು, ನಮ್ಮ ಕಡೆ ಹೆಚ್ಚಾಗಿ ಬೆಳೆಯುವ ಬಗೆಯಲ್ಲಿ ನೆಲದ ತರಗೆಲೆಯ ಮೇಲೆ ಹರಡಿಕೊಳ್ಳುತ್ತದೆ. ನಮ್ಮ ಬೇಸಿಗೆಯ ಒಣಗಾಳಿಗೆ ಅದು ಮೊದಲು ಬಾಡುತ್ತದೆ. ಹಾಗೆಂದು ನೀರು ಹೆಚ್ಚಿಸಿದರೆ, ಗದ್ದೆಯ ಪಕ್ಕದ ಜೌಗಿನಲ್ಲಿ ಗೆಡ್ಡೆಯೇ ಕೊಳೆಯುತ್ತದೆ. ಹೂವು ಕಾಯಾಗಲು ಜೇನುನೊಣಗಳೂ ಬೇಕೆಂಬುದನ್ನು ಮರೆಯಬಾರದು.

‘ಮೈಸೂರು’ ಎಂಬ ಹೆಸರಿನ ಏಲಕ್ಕಿ ಬಗೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಹೂಗೊಂಚಲು ನೆಟ್ಟಗೆ ನಿಲ್ಲುವ ಆ ಬಗೆ ಇನ್ನೂ ಎತ್ತರದ ಬೆಟ್ಟಗಳಿಗೆ ಹೊಂದುವಂಥದು. ಕೊಡಗು, ಸಕಲೇಶಪುರ, ಮೂಡಿಗೆರೆಗಳ ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಗೊಂಚಲು ನೆಲಕ್ಕೊರಗುವ ಮಲಬಾರ್ ಬಗೆ.

ಹಿತ್ತಲಿನ ಆಸೆಗಾಗಿ ಒಂದು ಗಿಡ ನೆಡುವುದಾದರೆ ಬಾವಿಯ ಬಳಿಯ ದಟ್ಟ ನೆರಳಿನಲ್ಲಿ, ತರಗೆಲೆಯ ಹೊದಿಕೆ ಹಾಕಿ, ನೀರು ನಿಲ್ಲದಂತೆ ನೆಡಿ. ಕಾಯಿಗೆ ಮೂರನೆಯ ವರ್ಷದವರೆಗಾದರೂ ಕಾಯಬೇಕು.

ಅಡುಗೆಗೆ ಮಾತ್ರ ಮಲೆನಾಡಿನ ಕಾಯಿಯನ್ನೇ ಕೊಳ್ಳಿ, ಪುಡಿಯನ್ನು ಕೊಳ್ಳಬೇಡಿ. ಪರಿಮಳವಿರುವುದು ಒಳಗಿನ ಕಪ್ಪು ಬೀಜಗಳ ತೈಲದಲ್ಲಿ. ಸಿಪ್ಪೆಯೊಳಗೆ ತಿಂಗಳುಗಟ್ಟಲೆ ಉಳಿಯುವ ಆ ತೈಲ ಪುಡಿಯಾದೊಡನೆ ಆರತೊಡಗುತ್ತದೆ. ಆದ್ದರಿಂದಲೇ ಮಂಡ್ಯದ ಬೆಲ್ಲದ ಪಾನಕಕ್ಕೆ ಬೀಜವನ್ನು ಆಗಲೇ ಕುಟ್ಟಿ ಬೆರೆಸಬೇಕು, ಪಾಯಸಕ್ಕೆ ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಬೇಕು.