ಅಂಗಡಿಯ ಪಾಸ್‌ವರ್ಡ್ ಯಾರ ಬಳಿ ಇದೆ?

ಗ್ರಾಮಫೋನಿನ ಮುಂದೆ ಕುಳಿತ ನಾಯಿಯ ಚಿತ್ರದಿಂದ ನಮ್ಮ ಮನೆಗಳಿಗೂ ಪರಿಚಿತವಾದ ಎಚ್‌ಎಂವಿ, ಬ್ರಿಟನ್ನಿನಲ್ಲಿ ಸಂಗೀತ ಮಳಿಗೆಗಳ ದೊಡ್ಡ ಸರಣಿಯೊಂದರ ಹೆಸರು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಸಂಗೀತ ಸಂಯೋಜಕ ಎಡ್ವರ್ಡ್ ಎಲ್ಗರ್ 1921ರಲ್ಲಿ ಉದ್ಘಾಟಿಸಿದ ಅಂಗಡಿಯಿಂದ ಬೆಳೆದ ಈ ಸಂಸ್ಥೆ 2013ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮುಂದೆ ಬೇರೆ ಮಾಲೀಕರ ಕೈಯಲ್ಲಿ ಉಳಿದುಕೊಂಡಿತು.

ಅಂತರಜಾಲದ ಅರಿವೇ ಅದಕ್ಕೆ ಇರಲಿಲ್ಲವೆಂದರೆ ಅನ್ಯಾಯವಾದೀತು, ಏಕೆಂದರೆ ಸ್ವಂತ ಜಾಲತಾಣವಿತ್ತು. ಆದರೆ ಅಮೆಜಾನ್ ಮತ್ತು ಸೂಪರ್‌ಮಾರ್ಕೆಟ್‌ಗಳು ಅಗ್ಗದ ದರದಲ್ಲಿ ಸಿ.ಡಿ. ಮಾರತೊಡಗಿದಾಗಲೂ, 2004ರಲ್ಲಿ ಐಟ್ಯೂನ್ಸ್ ಬ್ರಿಟನ್ನಿಗೆ ಬಂದು ಬೇಕಾದ ಒಂದೇ ಹಾಡನ್ನು ಕೊಳ್ಳುವ ಅನುಕೂಲ ಒದಗಿಸಿದಾಗಲೂ, ಪೇಟೆಯ ಮುಖ್ಯ ಬೀದಿಗಳಲ್ಲಿ ದುಬಾರಿ ಬಾಡಿಗೆ ತೆತ್ತು ನಡೆಸುತ್ತಿದ್ದ ಮಳಿಗೆಗಳೇ ವ್ಯಾಪಾರದ ಕೇಂದ್ರವಾಗಿ ಉಳಿದವು.

2013ರ ಆ ಜನವರಿ 31ರಂದು ನಡೆದದ್ದನ್ನು ನನ್ನ ಸಲಹೆ ಕೇಳಲು ಬರುವ ವ್ಯಾಪಾರಿಗಳಿಗೆ ತಪ್ಪದೆ ಹೇಳುತ್ತೇನೆ. ಕೇಂದ್ರ ಕಚೇರಿ ಮತ್ತು ವಿತರಣಾ ವಿಭಾಗದ 190 ಮಂದಿಯನ್ನು ಕೆಲಸದಿಂದ ತೆಗೆಯುತ್ತಿದ್ದ ಹೊತ್ತಿನಲ್ಲೇ ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯಲ್ಲಿ ಆ ವಜಾದ ನೇರ ವರದಿ ಬರತೊಡಗಿತು. ಬರೆಯುತ್ತಿದ್ದವರು ಆ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಕಿರಿಯ ಉದ್ಯೋಗಿ. ಟ್ವಿಟರ್ ಮುಚ್ಚುವುದು ಹೇಗೆಂದು ಮಾರ್ಕೆಟಿಂಗ್ ನಿರ್ದೇಶಕರು ವಿಚಾರಿಸುತ್ತಿದ್ದಾರೆಂದೂ ಅವರು ಅಲ್ಲಿಯೇ ಬರೆದರು. ಅವರ ಸಂದೇಶದ ಪ್ರಕಾರ, ಖಾತೆಗಳನ್ನು ಎರಡು ವರ್ಷ ಹಿಂದೆ ತೆರೆದದ್ದು ಸಂಬಳವಿಲ್ಲದ ಒಬ್ಬ ಇಂಟರ್ನ್. ಇದರಲ್ಲಿ ಉದ್ಯೋಗಿಯನ್ನು ದೂರಲು ನನಗೆ ಮನಸ್ಸಿಲ್ಲ. ಗ್ರಾಹಕರೊಂದಿಗಿನ ದಿನನಿತ್ಯದ ಮಾತುಕತೆಯನ್ನು ಕಿರಿಯರಿಗೆ ವಹಿಸಿ ಮರೆತ ಆಡಳಿತಕ್ಕೆ, ಗ್ರಾಹಕರು ಏಕೆ ದೂರವಾಗುತ್ತಿದ್ದಾರೆಂದು ತಿಳಿಯುವ ದಾರಿಯೂ ತಪ್ಪಿಹೋಗುತ್ತದೆ.

ನಮ್ಮ ಹಳೆಯ ಜವಳಿ ಅಂಗಡಿಗಳಲ್ಲೂ ಇದನ್ನೇ ಕಾಣುತ್ತೇನೆ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾಲೀಕರ ಬಳಿಯೇ ಇರುತ್ತದೆ. ಇನ್‌ಸ್ಟಾಗ್ರಾಂ ಪುಟದ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದ ಹುಡುಗನ ಮೊಬೈಲಿನಲ್ಲಿರುತ್ತದೆ. ಭಾನುವಾರವೂ ತೆರೆದಿರುವ ಅಂಗಡಿಗೆ ಗೂಗಲ್ ಮ್ಯಾಪ್‌ನಲ್ಲಿ ರಜೆಯೆಂದು ತೋರಿಸುತ್ತಿರುತ್ತದೆ. ಸೀರೆಯ ಬಣ್ಣ ಬಿಟ್ಟಿತೆಂದು ಗ್ರಾಹಕರೊಬ್ಬರು ಫೋಟೊ ಸಮೇತ ಬರೆದ ದೂರು ತಿಂಗಳುಗಟ್ಟಲೆ ಉತ್ತರವಿಲ್ಲದೆ ಬಿದ್ದಿರುತ್ತದೆ. ಅದೇ ಮಾತನ್ನು ಅವರು ಗಲ್ಲಾದ ಮುಂದೆ ನಿಂತು ಹೇಳಿದ್ದರೆ, ಕೂಡಲೇ ಬೇರೆ ಸೀರೆ ಕೊಟ್ಟು ಕಳುಹಿಸುವಷ್ಟು ಒಳ್ಳೆಯ ವ್ಯಾಪಾರಿಗಳು ಇವರು. ಆದ್ದರಿಂದ ಜಾಹೀರಾತಿನ ಮಾತೆತ್ತುವ ಮೊದಲು ನಾನು ಖಾತೆಗಳನ್ನೆಲ್ಲ ಅಂಗಡಿಯದೇ ಮೊಬೈಲ್ ಸಂಖ್ಯೆಗೆ ಬದಲಾಯಿಸಿ, ಬೆಳಗ್ಗೆ ಹಿಂದಿನ ದಿನದ ಲೆಕ್ಕ ನೋಡುವ ಹೊತ್ತಿನಲ್ಲೇ ದೂರುಗಳನ್ನೂ ಮಾಲೀಕರೇ ಓದಿ ಉತ್ತರಿಸುವ ಏರ್ಪಾಡು ಮಾಡಿಸುತ್ತೇನೆ.