ರೋಗಾಣು ಹೋದ ಮೇಲೂ ರೆಪ್ಪೆ ಯಾಕೆ ಒಳಗೆ ಮಡಚಿಕೊಳ್ಳುತ್ತದೆ?

ಟ್ರಕೋಮ ಎಂಬ ಕಣ್ಣಿನ ಸೋಂಕುರೋಗದಿಂದ ರೆಪ್ಪೆಗೂದಲು ಒಳಕ್ಕೆ ತಿರುಗಿದವರ ಕಣ್ಣನ್ನು ಪರೀಕ್ಷಿಸಿದರೆ, ಬಹಳ ಸಲ ರೋಗಾಣುವೇ ಸಿಗುವುದಿಲ್ಲ. ಹಾಗಾದರೆ ರೆಪ್ಪೆಯನ್ನು ಕೆಡಿಸಿದ್ದು ಯಾರು? ಬಹುಪಾಲು, ನಮ್ಮದೇ ದೇಹದ ರಕ್ಷಣಾ ಕೋಶಗಳು.

ಕ್ಲಮೀಡಿಯಾ ಟ್ರಕೋಮ್ಯಾಟಿಸ್ ಎಂಬ ಈ ಬ್ಯಾಕ್ಟೀರಿಯಾ ಬೆಳೆಯುವುದು ರೆಪ್ಪೆಯ ಒಳಪದರದ ಜೀವಕೋಶಗಳ ಒಳಗೆ. ಅಲ್ಲಿ ಅವಿತು ಕೂತರೆ ಆಂಟಿಬಾಡಿಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಸೋಂಕು ತಗಲಿದ ಮಗುವಿನ ಮೇಲಿನ ರೆಪ್ಪೆಯನ್ನು ಮಗುಚಿ ನೋಡಿ. ಕೆಂಪು ಪದರದ ಮೇಲೆ ಬಿಳಿಚಿದ ಸಣ್ಣ ಕಾಳುಗಳು ಕಾಣುತ್ತವೆ. ಇವು ಕೀವಿನ ಗುಳ್ಳೆಗಳಲ್ಲ, ಅಲ್ಲೇ ಬೀಡುಬಿಟ್ಟ ರಕ್ಷಣಾ ಕೋಶಗಳ ಗುಂಪುಗಳು. ರೆಪ್ಪೆಯ ನಡುಭಾಗದಲ್ಲಿ ಅರ್ಧ ಮಿಲಿಮೀಟರಿಗೆ ಕಡಿಮೆಯಿಲ್ಲದ ಕಾಳುಗಳು 5 ಅಥವಾ ಜಾಸ್ತಿ ಇದ್ದರೆ ಅದನ್ನು ಸಕ್ರಿಯ ಟ್ರಕೋಮ ಎನ್ನುತ್ತೇವೆ.

ಈ ಹೋರಾಟದಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸುವುದು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್. ರಕ್ಷಣಾ ಕೋಶಗಳಲ್ಲಿ ಟಿ ಕೋಶಗಳೂ ಎನ್‌ಕೆ ಕೋಶಗಳೂ ಇದನ್ನು ಬಿಡುಗಡೆ ಮಾಡುತ್ತವೆ. ಆಗ ಸೋಂಕಾದ ಕೋಶ ತನ್ನೊಳಗಿನ ಟ್ರಿಪ್ಟೊಫಾನ್ ಎಂಬ ಪೋಷಕಾಂಶವನ್ನು ತಾನೇ ಒಡೆದು ಮುಗಿಸುತ್ತದೆ. ಅದಿಲ್ಲದೆ ರೋಗಾಣು ಬೆಳೆಯಲಾರದು. ಇದೇ ಜಾತಿಯ, ಜನನಾಂಗಕ್ಕೆ ತಗಲುವ ತಳಿಗಳು ಇಂಡೋಲ್ ಎಂಬ ರಾಸಾಯನಿಕ ಸಿಕ್ಕರೆ ಟ್ರಿಪ್ಟೊಫಾನ್ ತಯಾರಿಸಿಕೊಳ್ಳುತ್ತವೆ. ಕಣ್ಣಿನ ತಳಿಗಳಿಗೆ ಆ ಶಕ್ತಿ ಇಲ್ಲ.

ಒಂದೇ ಸಲದ ಸೋಂಕಾದರೆ ಸಾಮಾನ್ಯವಾಗಿ ಕಲೆ ಉಳಿಯದೆ ವಾಸಿಯಾಗುತ್ತದೆ. ತೊಂದರೆ ಇರುವುದು ಮತ್ತೆ ಮತ್ತೆ ತಗಲುವುದರಲ್ಲಿ. ಪ್ರತಿ ಸಲವೂ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನುಗ್ಗಿ ಬರುತ್ತವೆ. ಅಂಗಾಂಶವನ್ನು ಕರಗಿಸುವ ಕಿಣ್ವಗಳು ಸುರಿಯುತ್ತವೆ. ಹಾಳಾದ ಜಾಗದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಕೂರುತ್ತದೆ. ರೆಪ್ಪೆಯ ಒಳಗೆ ಬಿಳಿ ಗೆರೆಗಳು ಮೂಡುತ್ತವೆ, ವರ್ಷಗಳು ಕಳೆದಂತೆ ಅವು ಬಿಗಿದು ರೆಪ್ಪೆಯ ಅಂಚನ್ನು ಒಳಗೆಳೆಯುತ್ತವೆ. ಕಣ್ಣು ಮಿಟುಕಿಸಿದಾಗಲೆಲ್ಲ ಕೂದಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಉಜ್ಜುತ್ತದೆ. ಎಂಥ ಹಿಂಸೆ ಅಲ್ವಾ? ರೋಗಾಣು ಪತ್ತೆಯಾಗದ ದೊಡ್ಡವರಲ್ಲೂ ಉರಿಯೂತ ಮುಂದುವರಿದು ಕಲೆ ಹೆಚ್ಚುವುದುಂಟು.

ಲಸಿಕೆ ಕಷ್ಟವಾಗಿರುವುದಕ್ಕೂ ಇದೊಂದು ಕಾರಣ. 1960ರ ದಶಕದ ಪ್ರಯೋಗಗಳಲ್ಲಿ ಸಿಕ್ಕ ರಕ್ಷಣೆ ಅಲ್ಪಕಾಲದ್ದು. ಕೆಲವರಲ್ಲಿ ಲಸಿಕೆಯ ನಂತರದ ಸೋಂಕು ಇನ್ನೂ ಜೋರಾಗಿ ಬಂದಂತೆ ಕಂಡಿತ್ತು. ರಕ್ಷಣಾ ಕೋಶಗಳನ್ನು ಸುಮ್ನೆ ಕೆರಳಿಸಿದರೆ ಸಾಲದು.

ಹಾಗಾಗಿ ಮಕ್ಕಳಿಗೆ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಡುವುದರ ಜೊತೆಗೆ ಅವರ ಮುಖ ತೊಳೆಸಿ, ಸೋಂಕು ಮರುಕಳಿಸದಂತೆ ನೋಡಿಕೊಳ್ಳಬೇಕು. ಆದರೆ ಕೂದಲು ಆಗಲೇ ಒಳಕ್ಕೆ ತಿರುಗಿದ್ದರೆ ಆ್ಯಂಟಿಬಯೋಟಿಕ್ ಅದನ್ನು ನೆಟ್ಟಗೆ ಮಾಡಲಾರದು. ಕಿತ್ತರೆ ಕೆಲವು ವಾರ ಆರಾಮ, ಆಮೇಲೆ ಮತ್ತೆ ಬೆಳೆಯುತ್ತದೆ. ಹೀಗೆ ಕೂದಲು ತಿರುಗಿದವರಿಗೆ ಬೇಕಿರುವುದು ರೆಪ್ಪೆಯ ಅಂಚನ್ನು ಹೊರಕ್ಕೆ ತಿರುಗಿಸುವ ಶಸ್ತ್ರಚಿಕಿತ್ಸೆ, ಅದೂ ಕಾರ್ನಿಯಾ ಮಂಜಾಗುವ ಮೊದಲೇ.