ಮೈಲುತುತ್ತದ ಅಳತೆಯನ್ನು ಎಐಗೆ ನೀವೇ ಕೊಡಿ

ಮುಂಗಾರು ಹತ್ತಿರವಾದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯ ಮಾತು ಶುರುವಾಗುತ್ತದೆ. ಬೆಳೆಗಾರರಿಗೆ ಹಂಚುವ ತಿಳಿವಳಿಕೆ ಪತ್ರವನ್ನು ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಸಾಧನಗಳಿಂದ ಬರೆಸುವವರೂ ಈಗ ಇದ್ದಾರೆ. ಅದಕ್ಕೆ ಕೊಡುವ ಪ್ರಾಂಪ್ಟ್, ಅಂದರೆ ಸೂಚನೆ, ಹೆಚ್ಚಾಗಿ ಒಂದೇ ಸಾಲು: "ಅಡಿಕೆ ಕೊಳೆ ರೋಗದ ಬಗ್ಗೆ ರೈತರಿಗೆ ಪತ್ರ ಬರೆ." ಬರುವ ಪತ್ರ ನೋಡಲು ಅಚ್ಚುಕಟ್ಟು, ಒಳಗೆ ಟೊಳ್ಳು. "ತಜ್ಞರ ಸಲಹೆಯಂತೆ ಸೂಕ್ತ ಶಿಲೀಂಧ್ರನಾಶಕ ಸಿಂಪಡಿಸಿ" ಎಂದಿರುತ್ತದೆ. ಕೆಲವೊಮ್ಮೆ ಬೇರು ಕೊಳೆಯ ಉಪಚಾರವೂ ಕಾಯಿ ಕೊಳೆಯ ಉಪಚಾರವೂ ಅದರಲ್ಲಿ ಕಲಸಿಹೋಗಿರುತ್ತವೆ.

ಕಾರಣ ಸಾಧನ ಕೆಲಸ ಮಾಡುವ ಬಗೆಯಲ್ಲೇ ಇದೆ. ಅದು ಹಿಂದೆ ಕಲಿತ ಅಪಾರ ಪಠ್ಯದ ಬಲದಿಂದ, ಈವರೆಗಿನ ಮಾತಿನ ಮುಂದೆ ಯಾವ ಪದತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಬರೆಯುತ್ತ ಹೋಗುತ್ತದೆ. ನೀವು ಹೇಳದೆ ಬಿಟ್ಟ ಜಾಗಕ್ಕೆ ಊಹೆ ಬಂದು ಕೂರುತ್ತದೆ, ಅದೂ ಗೊತ್ತಿದ್ದವರ ದನಿಯಲ್ಲೇ. ಇಂಗ್ಲಿಷಿನ ಸಾಮಾನ್ಯ ಕೃಷಿ ಬರಹಗಳ ಮುಂದೆ ಮಲೆನಾಡಿನ ಅಡಿಕೆ ಬಗ್ಗೆ ಕನ್ನಡದಲ್ಲಿರುವ ಪಠ್ಯ ತೀರಾ ಕಡಿಮೆಯಾದ್ದರಿಂದ ಊಹೆ ಆ ಇಂಗ್ಲಿಷ್ ಬರಹಗಳ ಕಡೆಗೇ ವಾಲುತ್ತದೆ. ಹಾಗಾಗಿ ಸಂಗತಿಯನ್ನು ನೀವು ಕೊಡಿ, ಜೋಡಿಸಿ ಬರೆಯುವುದನ್ನು ಮಾತ್ರ ಅದಕ್ಕೆ ಬಿಡಿ. ಅದೇ ಪತ್ರಕ್ಕೆ ಪ್ರಾಂಪ್ಟ್ ಹೀಗಿರಬಹುದು:

"ನಮ್ಮ ಸಂಘದ ಅಡಿಕೆ ಬೆಳೆಗಾರರಿಗೆ ಒಂದು ಪುಟ ಮೀರದ ಪತ್ರ ಬರೆ. ವಿಷಯ: ಫೈಟಾಫ್ತೊರ ಎಂಬ ರೋಗಾಣುವಿನಿಂದ ಮಳೆಗಾಲದಲ್ಲಿ ಬರುವ ಕಾಯಿ ಕೊಳೆ. ಓದುವವರು ಅನುಭವಸ್ಥರು, ರೋಗದ ಪೀಠಿಕೆ ಬೇಡ. ಮಾಹಿತಿ: ಶೇ. 1ರ ಬೋರ್ಡೋ ದ್ರಾವಣ. 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಬೇರೆ 50 ಲೀಟರ್ ನೀರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಇಲ್ಲಿ ಇಲ್ಲದ ಔಷಧಿ, ಅಳತೆ, ದಿನಾಂಕ ಸೇರಿಸಬೇಡ. ಬೇಕಾದದ್ದು ಬಿಟ್ಟುಹೋಗಿದ್ದರೆ ಬರೆಯುವ ಮೊದಲು ನನ್ನನ್ನು ಕೇಳು."

ಕೊನೆಯ ಎರಡು ವಾಕ್ಯಗಳಿಗೆ ಬೆಲೆ ಹೆಚ್ಚು. ಅವಿಲ್ಲದಿದ್ದರೆ ಪತ್ರ ತುಂಬಿಸಲು ಸಾಧನ ಏನಾದರೂ ಸೇರಿಸುತ್ತದೆ. ಅವಿದ್ದರೂ ಬಂದ ಪತ್ರದ ಒಂದೊಂದು ಅಂಕಿಯನ್ನೂ ನೀವು ಕೊಟ್ಟದ್ದರ ಪಕ್ಕ ಇಟ್ಟು ನೋಡಲೇಬೇಕು. ಅಂಕಿಗಿಂತ ಕಣ್ಣು ತಪ್ಪಿಸಿಕೊಳ್ಳುವುದು ಕ್ರಮ: "ಇದಕ್ಕೆ ಅದನ್ನು ಸುರಿಯಿರಿ" ಎಂದು ಕೊಟ್ಟದ್ದನ್ನು ಸಾಧನ ನಯ ಮಾಡಲು ಹೋಗಿ "ಎರಡನ್ನೂ ಚೆನ್ನಾಗಿ ಬೆರೆಸಿ" ಎಂದು ಬರೆದರೆ ವಾಕ್ಯ ಚಂದ, ಮಾಹಿತಿ ಹೋಯಿತು. ಇನ್ನು ನೀವು ಕೊಡುವ ಮಾಹಿತಿಯೇ ಹಳತಾಗಿರಬಾರದು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ್ದೋ ತೋಟಗಾರಿಕೆ ಇಲಾಖೆಯದ್ದೋ ಇತ್ತೀಚಿನ ಶಿಫಾರಸು ನೋಡಿ ತಾಳೆ ಮಾಡಿಕೊಳ್ಳಿ.

"ನೀನು ಮೂವತ್ತು ವರ್ಷ ಅನುಭವದ ಕೃಷಿ ವಿಜ್ಞಾನಿ" ಎಂದು ಶುರುಮಾಡುವ ಪ್ರಾಂಪ್ಟುಗಳು ಬಹಳ ಓಡಾಡುತ್ತಿವೆ. ಹಾಗೆ ಹೇಳಿದರೆ ಬರವಣಿಗೆಯ ಧಾಟಿ ಬದಲಾಗಬಹುದು, ಇಲ್ಲದ ತಿಳಿವಳಿಕೆ ಬರುವುದಿಲ್ಲ. ಆ ಸಾಲಿನ ಜಾಗದಲ್ಲಿ ನಿಮ್ಮ ತಾಲ್ಲೂಕು, ತಿಂಗಳು, ಮರಗಳ ವಯಸ್ಸು ಬರೆಯುವುದು ಮೇಲು.

ಕನ್ನಡದ ವಿಷಯದಲ್ಲಿ ಬೇರೆಯೇ ತೊಡಕು. ಬಿಟ್ಟರೆ "ಸಿಂಪಡಣಾ ಕಾರ್ಯವನ್ನು ಕೈಗೊಳ್ಳತಕ್ಕದ್ದು" ಎಂಬ ಕಚೇರಿ ಭಾಷೆಗೆ ಸಾಧನ ಜಾರುತ್ತದೆ. "ಸರಳವಾಗಿ ಬರೆ" ಎಂದರೆ ಸಾಲದು, ಏಕೆಂದರೆ ಸರಳ ಎಂದರೆ ಎಷ್ಟು ಎಂಬುದೂ ಅದಕ್ಕೆ ಊಹೆಯೇ. ಬೆಳೆಗಾರರು ಮೆಚ್ಚಿದ ಹಳೆಯ ಪತ್ರ ಒಂದೆರಡನ್ನು ಅಂಟಿಸಿ, "ಮಾಹಿತಿ ಮೇಲಿನದು, ಧಾಟಿ ಈ ಪತ್ರಗಳದ್ದು" ಎನ್ನಿ. ಕೊನೆಗೌಡ (ಮರ ಹತ್ತಿ ಕೊನೆ ಇಳಿಸುವವ), ಕೊಟ್ಟೆ (ಕೊನೆಗೆ ಕಟ್ಟುವ ಹೊದಿಕೆ), ಮೈಲುತುತ್ತ ಮುಂತಾದ ಪದಗಳನ್ನು ಪಟ್ಟಿ ಮಾಡಿ, ಹೀಗೇ ಬಳಸಲು ಹೇಳಿ. ಧಾಟಿ ಹಿಡಿಸಲು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ದಾರಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ತಿದ್ದಿಸುವಾಗ "ಚೆನ್ನಾಗಿಲ್ಲ, ಮತ್ತೆ ಬರೆ" ಎಂದರೆ ಸರಿ ಇದ್ದ ಸಾಲುಗಳೂ ಹೋಗುತ್ತವೆ. "ಎರಡನೇ ಪ್ಯಾರಾದಲ್ಲಿ ಚಾಕುವಿನ ಪರೀಕ್ಷೆ ಬಿಟ್ಟಿದೆ, ಅದನ್ನು ಸೇರಿಸು, ಉಳಿದದ್ದು ಮುಟ್ಟಬೇಡ" ಎಂದು ಜಾಗ ತೋರಿಸಬೇಕು. ನಾಲ್ಕೈದು ಸಲ ತಿದ್ದಿಯೂ ದಾರಿಗೆ ಬರದಿದ್ದರೆ ಹೊಸ ಚಾಟ್ ತೆರೆದು, ತಿದ್ದಿದ ಪ್ರಾಂಪ್ಟನ್ನು ಮೊದಲಿನಿಂದ ಕೊಡಿ. ಹಳೆಯ ತಪ್ಪುಗಳೆಲ್ಲ ಅದೇ ಚಾಟ್‌ನಲ್ಲಿ ಕೂತು ಮುಂದಿನ ಉತ್ತರವನ್ನೂ ಎಳೆಯುತ್ತಿರುತ್ತವೆ. ಹಲವು ಎಐ ಮಾದರಿಗಳಲ್ಲಿ ಅದೇ ವಿಷಯಕ್ಕೆ ಕನ್ನಡ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮೇಲೆ ಹೇಳಿದ ಪದತುಣುಕು) ತಿನ್ನುವುದರಿಂದ ಉದ್ದದ ಕನ್ನಡ ಚಾಟ್‌ನ ಮಿತಿ ಬೇಗ ತುಂಬುತ್ತದೆ.

ಅಡಿಕೆ ಧಾರಣೆ ಕೇಳುವವರು ಗಮನಿಸಿ: ಅಂತರ್ಜಾಲ ಹುಡುಕದ ಸಾಧನಕ್ಕೆ ಇವತ್ತಿನ ದರ ತಿಳಿಯದು, ಆದರೂ ಒಂದು ಅಂಕಿ ಹೇಳಿಬಿಡಬಹುದು. ಹುಡುಕುವ ಸಾಧನವಾದರೂ ಮಾರುಕಟ್ಟೆ ಶಿವಮೊಗ್ಗವೋ ಸಾಗರವೋ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ಯಾವ ದಿನಾಂಕದ್ದು, ಕನಿಷ್ಠವೋ ಗರಿಷ್ಠವೋ ಎಂದು ಬಿಡಿಸಿ ಕೇಳಿ. ಅಂಕಿ ಸಿಕ್ಕ ಪುಟದ ಕೊಂಡಿಯನ್ನೂ ಕೊಡಲು ಹೇಳಿ, ಆ ಪುಟ ತೆರೆದು ನೋಡಿದ ಮೇಲೆಯೇ ನಂಬಿ.

ಸಂಘದ ಸದಸ್ಯರ ಆಧಾರ್, ಬ್ಯಾಂಕ್ ಖಾತೆ, ಸಾಲದ ಬಾಕಿ ಇರುವ ಹಾಳೆಯನ್ನು ಹಾಗೆಯೇ ಅಂಟಿಸಬೇಡಿ. ಹೆಸರಿನ ಜಾಗಕ್ಕೆ "ಸದಸ್ಯ 1", "ಸದಸ್ಯ 2" ಎಂದು ಹಾಕಿ ಕೆಲಸ ಮಾಡಿಸಿ, ನಿಜವಾದ ಹೆಸರನ್ನು ಆಮೇಲೆ ನಿಮ್ಮ ಕಂಪ್ಯೂಟರಿನಲ್ಲೇ ತುಂಬಿಕೊಳ್ಳಿ.